ಬಾಯಿಬಿಟ್ಟು ಹೇಳದ ಹೆಸರು

ನನ್ನ ಗಂಡನ ಹೆಸರನ್ನು ನಾನು ದಿನಕ್ಕೆ ಹತ್ತು ಸಲ ಕೂಗುತ್ತೇನೆ, ಬಹುಪಾಲು ಬೈಯುವುದಕ್ಕೆ. ಹಲಸೂರಿನಲ್ಲಿ ಹುಟ್ಟಿ ಬೆಳೆದ ನನಗೆ ಅದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಹಾಗಾಗಿ ರಾಮಮೂರ್ತಿ ನಗರದ ನಮ್ಮ ವಠಾರಕ್ಕೆ ಯಾದಗಿರಿ ಕಡೆಯ ಆ ಸಂಸಾರ ಬಾಡಿಗೆಗೆ ಬಂದಾಗ, ಗಂಡನ ಹೆಸರು ಕೇಳಿದರೆ ಸೆರಗಿನ ತುದಿ ತಿರುವುತ್ತಾ ನಿಲ್ಲುತ್ತಿದ್ದ ಆ ಹೆಂಗಸನ್ನು ಕಂಡು ನಾನು ಬಿದ್ದುಬಿದ್ದು ನಗುತ್ತಿದ್ದೆ. ಮತದಾರರ ಪಟ್ಟಿಯವರು ಬರಲಿ, ಗ್ಯಾಸ್ ಸಿಲಿಂಡರಿನವನು ಬರಲಿ, ಎದುರು ಮನೆಯ ನನ್ನನ್ನೇ ಕರೆಯುತ್ತಿದ್ದಳು.

"ಅಕ್ಕಾರ, ಇವರಿಗೆ ಅವರ ಹೆಸರ ಒಂಚೂರು ಹೇಳ್ರೀ."

ನಾನು ಒಲೆಯ ಮೇಲಿನ ಸಾರು ಬಿಟ್ಟು ಬಂದು ಅವಳ ಗಂಡನ ಹೆಸರು ಹೇಳಿ ಹೋಗಬೇಕು. ವಠಾರದ ಮಕ್ಕಳಿಗಂತೂ ಅದೊಂದು ಆಟ. "ಆಂಟಿ, ಅಂಕಲ್ ಹೆಸರು ಹೇಳಿ, ಚಾಕಲೇಟ್ ಕೊಡ್ತೀವಿ" ಎಂದು ಹಿಂದೆ ಬೀಳುತ್ತಿದ್ದವು. ಮಾಲೀಕರ ಸೊಸೆಯ ಸೀಮಂತದಲ್ಲಿ ಮಾತ್ರ ಅವಳ ಬಾಯಿಂದ ಆ ಹೆಸರು ಹೊರಬಂತು, ಅದೂ ಒಡಪಿನಲ್ಲಿ. ಅವರ ಕಡೆ ಹೆಂಗಸರು ಗಂಡನ ಹೆಸರನ್ನು ಬರಿದೇ ಹೇಳುವುದಿಲ್ಲ. ಶುಭಕಾರ್ಯದಲ್ಲಿ ಹಿರಿಯರು ಒತ್ತಾಯ ಮಾಡಿದರೆ ಎರಡು ಸಾಲು ಕಟ್ಟಿ, ಕೊನೆಯಲ್ಲಿ ಹೆಸರನ್ನು ಕೂಡಿಸಿ ಹೇಳುತ್ತಾರೆ.

"ಕರಿ ಕಂಬಳಿ ಮ್ಯಾಲ ಬಿಳಿಜ್ವಾಳದ ರಾಶಿ, ಹಿರಿಯರ ಮುಂದ ಹೇಳತೀನಿ ಹೊಸ ಕೌದಿ ಹಾಸಿ" ಎಂದು ಶುರುಮಾಡಿ, ಹೆಸರು ಹೇಳಿದವಳೇ ಮುಖ ಮುಚ್ಚಿಕೊಂಡು ಒಳಗೆ ಓಡಿದಳು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಆ ಹೆಸರನ್ನು ನಾನು ಇಲ್ಲಿಯೂ ಬರೆಯುವುದಿಲ್ಲ. ಅದಕ್ಕೆ ಕಾರಣ ಬೇರೆ.

ಗಂಡ ಡ್ರೈವರ್. ಮಗಳಿಗೆ ಮೂರು ತುಂಬುವ ಹೊತ್ತಿಗೆ ದುಬೈಗೆ ಹೋದ. ಇವಳು ಬೆಳಗಿನ ಜಾವ ಎದ್ದು ಜೋಳದ ರೊಟ್ಟಿ ಬಡಿಯುತ್ತಿದ್ದಳು. ನಮ್ಮ ಮನೆಗೆ ಅಲಾರಂ ಬೇಕಿರಲಿಲ್ಲ, ಅವಳ ರೊಟ್ಟಿಯ ಸದ್ದೇ ಸಾಕು. ಬಿಸಿ ಆರಿದ ಮೇಲೆ ಬಟ್ಟೆ ಸುತ್ತಿ ಬುಟ್ಟಿಗೆ ತುಂಬಿ ಬಸ್ಸಿನಲ್ಲಿ ಹೊಸ ತಿಪ್ಪಸಂದ್ರದ ಒಂದು ಖಾನಾವಳಿಗೆ ಹಾಕಿ ಬರುತ್ತಿದ್ದಳು. ಶುಕ್ರವಾರ ಗಂಡನಿಗೆ ರಜೆ. ಅಂದು ನಮ್ಮ ಮನೆಯ ಲ್ಯಾಂಡ್‌ಲೈನಿಗೆ ಅವನ ಫೋನು. ಹಣೆಗೆ ಕುಂಕುಮ ತಿದ್ದಿಕೊಂಡು ಬಂದು ಕಾಯುತ್ತಿದ್ದಳು. "ಫೋನಲ್ಲಿ ಕುಂಕುಮ ಕಾಣ್ಸುತ್ತಾ ತಾಯಿ?" ಎಂದು ನಾನು ರೇಗಿಸಿದರೆ, "ಕಾಣಸಂಗಿಲ್ರೀ, ಆದ್ರ ನಂಗ ಗೊತ್ತಿರ್ತದಲ್ಲ" ಎನ್ನುತ್ತಿದ್ದಳು.

ನಾನು ಕೆಲಸ ಮಾಡುತ್ತಿದ್ದುದು ಶಿವಾಜಿನಗರದ ಒಂದು ಬಟ್ಟೆ ಅಂಗಡಿಯಲ್ಲಿ. ಅಂಗಡಿಯ ಸಾಹೇಬರ ಅಳಿಯ ದುಬೈನಿಂದ ಬರುವಾಗ ಅವಳ ಗಂಡ ಕೊಟ್ಟ ಪೊಟ್ಟಣವೊಂದನ್ನು ತಂದುಕೊಟ್ಟ. ಒಳಗೆ ಕ್ಯಾಮೆರಾ ಇದ್ದ ಮೊಬೈಲು. ನಮ್ಮ ವಠಾರದಲ್ಲಿ ಅಂಥ ಮೊಬೈಲು ಬಂದದ್ದು ಅದೇ ಮೊದಲು. ಅದಕ್ಕಿನ್ನೂ ಸಿಮ್ ಹಾಕಿಸಿರಲಿಲ್ಲ. ಮುಂದಿನ ಶುಕ್ರವಾರ ಅವಳು ನಮ್ಮ ಹಜಾರದಲ್ಲಿ ನಿಂತು ಮಾತಾಡುತ್ತಾ ಇದ್ದಕ್ಕಿದ್ದಂತೆ ದನಿ ತಗ್ಗಿಸಿದಳು. "ಅದೆಲ್ಲ ಆಗಂಗಿಲ್ರೀ… ಛೀ, ಬ್ಯಾಡ್ರೀ… ಹಂಗ್ಯಾಕ ಸಿಟ್ಟಾಗ್ತೀರಿ?" ನಾನು ಅಡುಗೆಮನೆಯಲ್ಲಿದ್ದೆ. ಗಂಡ ಹೆಂಡತಿ ಮಾತು, ಕೇಳಿಸಿಕೊಳ್ಳಬಾರದೆಂದು ಪಾತ್ರೆ ಸದ್ದು ಮಾಡಿದೆ. ಆಮೇಲೆ ಅವಳೇ ನಾಚಿಕೊಂಡು ಹೇಳಿದಳು, ಅವರಿಗೆ ನನ್ನ ಫೋಟೋ ಬೇಕಂತೆ, ಯಾರಿಗೂ ತೋರಿಸದಂಥದ್ದು ಬೇಕಂತೆ ಎಂದು.

ಅದರಲ್ಲಿ ತಪ್ಪೇನಿತ್ತೋ ನನಗೆ ಈಗಲೂ ತಿಳಿಯುವುದಿಲ್ಲ. ಮದುವೆಯಾದ ಹೆಂಗಸು, ಸಮುದ್ರದಾಚೆಯ ಗಂಡ, ಬಾಗಿಲು ಹಾಕಿದ ಕೋಣೆ.

ವಠಾರದ ಮಹಡಿಯ ಒಂಟಿ ಕೋಣೆಯಲ್ಲಿ ಡಿಪ್ಲೊಮಾ ಓದುವ ಒಬ್ಬನಿದ್ದ. ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದ. ಅವಳ ಮನೆಯ ಬಿಸಿ ರೊಟ್ಟಿ, ಶೇಂಗಾ ಚಟ್ನಿ ಅವನ ಹೊಟ್ಟೆಗೆ ಹೋಗದ ದಿನವಿಲ್ಲ. ಸೈಬರ್ ಸೆಂಟರಿನಲ್ಲಿ ಅವಳಿಗೆ ಈಮೇಲ್ ತೆರೆದುಕೊಟ್ಟವನು ಅವನೇ. ಮೊಬೈಲಿನಿಂದ ಕಂಪ್ಯೂಟರಿಗೆ ಫೋಟೋ ಇಳಿಸಿ ಕಳಿಸುವುದನ್ನು ಮಗಳ ಫೋಟೋ ಇಟ್ಟುಕೊಂಡು ಕಲಿಸಿದ. ಪಾಸ್‌ವರ್ಡ್ ಎಂದರೇನು ಎಂದು ಅವಳು ಕೇಳಿದಾಗ ಹೇಳಿದನಂತೆ: "ನೀವು ಯಾರ ಹತ್ರನೂ ಬಾಯ್ಬಿಟ್ಟು ಹೇಳದೇ ಇರೋದು ಯಾವ್ದಾದ್ರೂ ಇಡಿ ಅಕ್ಕಾ. ನನ್ಗೂ ಹೇಳ್ಬೇಡಿ."

ಅವಳು ಯೋಚಿಸಬೇಕಾಗಲೇ ಇಲ್ಲ. ಬಾಯಿಬಿಟ್ಟು ಹೇಳದ್ದು ಅವಳ ಹತ್ತಿರ ಇದ್ದದ್ದು ಒಂದೇ. ಗಂಡನ ಪಾಸ್‌ಪೋರ್ಟಿನ ಜೆರಾಕ್ಸ್ ನೋಡಿ ಅದರ ಇಂಗ್ಲಿಷ್ ಅಕ್ಷರಗಳನ್ನು ಬಾಯಿಪಾಠ ಮಾಡಿಕೊಂಡು ಹೋಗಿ, ಅವನನ್ನು ಆಚೆ ನಿಲ್ಲಿಸಿ, ಒಂದೊಂದಾಗಿ ಒತ್ತಿದಳು. ಪರದೆಯ ಮೇಲೆ ಅಕ್ಷರದ ಬದಲು ಚುಕ್ಕೆ ಬಿದ್ದದ್ದು ಕಂಡು ಅವಳಿಗಾದ ಸಂತೋಷ ಹೇಳತೀರದು. "ಕಂಪ್ಯೂಟರ್‌ಗೂ ಮರ್ಯಾದಿ ಗೊತ್ತದ ನೋಡ್ರಿ ಅಕ್ಕಾರ, ಅವರ ಹೆಸರ ಅದೂ ತೋರಸಂಗಿಲ್ಲ" ಎಂದಳು. ನಾನೂ ನಕ್ಕೆ. ವಠಾರದ ಮಕ್ಕಳಿಂದ ಗ್ಯಾಸಿನವನವರೆಗೆ ಎಲ್ಲರಿಗೂ ಗೊತ್ತಿದ್ದ ಹೆಸರು ಅದು. ಅವಳ ಲೆಕ್ಕದಲ್ಲಿ ಮಾತ್ರ ಲೋಕದ ಅತಿ ದೊಡ್ಡ ಗುಟ್ಟು. ಕಳಿಸುವ ದಿನ ಒಬ್ಬಳೇ ಹೋದಳು. ಎಲ್ಲ ಮುಚ್ಚಿ, ಮುಚ್ಚಿತೇ ಎಂದು ಸೈಬರಿನವನನ್ನು ಕರೆದು ಕೇಳಿ, ಪರದೆ ಕಪ್ಪಾಗುವವರೆಗೂ ಕಾದು ಎದ್ದು ಬಂದಳು. ಅಜಾಗರೂಕತೆಯ ಹೆಂಗಸಲ್ಲ ಅವಳು.

ಕೆಲವು ತಿಂಗಳು ಕಳೆದ ಮೇಲೆ ಒಂದು ದಿನ ಖಾನಾವಳಿಯವರು ನಾಳೆಯಿಂದ ರೊಟ್ಟಿ ಬೇಡ ಎಂದರು. ಕಾರಣ ಹೇಳಲಿಲ್ಲ. ಊಟಕ್ಕೆ ಕೂತ ಹುಡುಗರು ಅವಳ ಮುಖ ನೋಡಿ ಒಬ್ಬರನ್ನೊಬ್ಬರು ತಿವಿದುಕೊಂಡರಂತೆ. ಅವಳು ಬುಟ್ಟಿ ಹೊತ್ತು ವಾಪಸ್ಸು ಬಂದು, "ಜ್ವಾಳ ಸರಿಯಿಲ್ಲೇನೋ ಈ ಸಲ" ಎಂದು ಹಿಟ್ಟನ್ನು ಮೂಸಿ ನೋಡುತ್ತಾ ಕೂತಿದ್ದಳು.

ಸಂಜೆ ನನ್ನ ಗಂಡ ಮನೆಗೆ ಬಂದವರು ಚಪ್ಪಲಿ ಬಿಡುವ ಮೊದಲೇ ಬಾಗಿಲು ಮುಂದೆ ಮಾಡಿದರು. "ಎದುರು ಮನೆಯವಳ ಫೋಟೋ ಎಲ್ಲರ ಮೊಬೈಲಲ್ಲೂ ಓಡಾಡ್ತಿದೆ ಕಣೇ. ಬ್ಲೂಟೂತಲ್ಲಿ. ಇಂಟರ್ನೆಟ್ಟಲ್ಲೂ ಹಾಕವ್ರಂತೆ."

"ನೀವು ನೋಡಿದ್ರಾ?"

"ತೋರಿಸಿದ್ರು."

"ತೋರಿಸಿದ್ರೆ ನೋಡ್ಬಿಡೋದಾ? ಕಣ್ಣು ಮುಚ್ಕೊಳಕ್ಕೆ ಬರಲ್ವಾ ನಿಮಗೆ?"

ಅವರು ಚಪ್ಪಲಿ ಬಿಟ್ಟು ಬಚ್ಚಲಿಗೆ ಹೋದರು. ಅವತ್ತು ಅವರ ಮೇಲೆ ಬಂದ ಸಿಟ್ಟು ಪೂರ್ತಿ ಇಳಿಯಿತೆಂದು ಈಗಲೂ ಹೇಳಲಾರೆ.

ಅವಳಿಗೆ ಹೇಳಬೇಕಾದವಳು ನಾನೇ. ಹೇಳಿದೆ. ಅವಳು ಅಳಲಿಲ್ಲ. ಮಗಳ ಜಡೆ ಹೆಣೆಯುತ್ತಿದ್ದವಳು ಜಡೆ ಮುಗಿಸಿ, ರಿಬ್ಬನ್ ಕಟ್ಟಿ, ಮಗುವನ್ನು ಆಡಲು ಕಳಿಸಿದಳು. ಆಮೇಲೆ ಕೇಳಿದಳು: "ಅವರಿಗೆ ಗೊತ್ತಾಗ್ಯಾದೇನ್ರೀ?" ಊರೆಲ್ಲ ನೋಡಿತೆಂಬುದು ಅವಳ ತಲೆಗೆ ಇನ್ನೂ ಹೋಗಿರಲಿಲ್ಲ. ಯಾರಿಗೆ ಕಳಿಸಿದ್ದಳೋ ಅವನ ಮನಸ್ಸಿಗೆ ನೋವಾದೀತೆಂಬ ಒಂದೇ ಯೋಚನೆ.

ಕದ್ದವನು ಯಾರೆಂದು ಹುಡುಕಲು ಕಷ್ಟಪಡಬೇಕಾಗಲಿಲ್ಲ. ಅವಳ ಈಮೇಲ್ ವಿಳಾಸ ಗೊತ್ತಿದ್ದವನು ಗಂಡನನ್ನು ಬಿಟ್ಟರೆ ಒಬ್ಬನೇ. ನಾನು ಮಹಡಿ ಹತ್ತಿ ಅವನ ಕೋಣೆಯ ಬಾಗಿಲು ಒದ್ದೆ. ಅವನು ಸುಳ್ಳು ಹೇಳುವ ಗೋಜಿಗೂ ಹೋಗಲಿಲ್ಲ.

"ನಾನು ಇಬ್ರು ಫ್ರೆಂಡ್ಸಿಗೆ ಮಾತ್ರ ತೋರಿಸ್ದೆ ಆಂಟಿ. ನೆಟ್ಟಿಗೆ ಹಾಕಿದ್ದು ನಾನಲ್ಲ. ಆಣೆಗೂ ನಾನಲ್ಲ."

"ಅವಳ ಈಮೇಲ್ ಬಾಕ್ಸ್ ಹೆಂಗೋ ತೆಗೆದೆ?"

"ಸುಮ್ನೆ ಟ್ರೈ ಮಾಡ್ದೆ, ಓಪನ್ ಆಗೋಯ್ತು. ಅಷ್ಟು ಈಸಿ ಪಾಸ್‌ವರ್ಡ್ ಇಟ್ರೆ ಯಾರು ಬೇಕಾದ್ರೂ ತೆಗೀತಾರೆ."

ಅವಳ ಕೈಯ ರೊಟ್ಟಿ ತಿಂದ ಬಾಯಿ ಅದು. ನಾನು ಕೆನ್ನೆಗೆ ಬಾರಿಸಿದೆ. ಇನ್ನೊಂದು ಬಾರಿಸುವಷ್ಟರಲ್ಲಿ ಮಾಲೀಕರು ಮೇಲೆ ಬಂದು ನನ್ನ ಕೈ ತಡೆದರು. "ನೋಡಮ್ಮ, ಹೊಡೆಯೋದೆಲ್ಲ ಅಪರಾಧ. ಅವನ ಮನೆಯವ್ರು ಕಂಪ್ಲೇಂಟ್ ಕೊಟ್ರೆ ನಿನಗೇ ತೊಂದ್ರೆ. ಓದೋ ಹುಡುಗ, ಏನೋ ಬುದ್ಧಿ ಇಲ್ದೆ ಮಾಡವ್ನೆ." ಆಮೇಲೆ ಕೆಳಗಿನ ಮನೆಯ ಕಡೆ ನೋಡಿ, "ಇಂಥದ್ನೆಲ್ಲ ತೆಗೆಸ್ಕೊಳೋಕೆ ಮುಂಚೆ ಅವ್ಳಿಗಾದ್ರೂ ಬುದ್ಧಿ ಬೇಡ್ವಾ? ಫ್ಯಾಮಿಲಿಗಳಿರೋ ಜಾಗ" ಎಂದರು. ಕದ್ದವನಿಗೆ ಬುದ್ಧಿ ಇಲ್ಲದಿದ್ದರೂ ನಡೆಯುತ್ತದೆ, ಕಳಕೊಂಡವಳಿಗೆ ಇರಲೇಬೇಕು.

ನಲ್ಲಿಯ ಹತ್ತಿರ ಹೆಂಗಸರು ಬಿಂದಿಗೆ ಇಟ್ಟುಕೊಂಡು ಅದನ್ನೇ ಮಾತಾಡುತ್ತಿದ್ದರು. ಯಾಕೆ ತೆಗೆದುಕೊಳ್ಳಬೇಕಿತ್ತು, ಯಾಕೆ ಕಳಿಸಬೇಕಿತ್ತು. ಒಬ್ಬಳು, ಆ ಹಳದಿ ಬೆಡ್‌ಶೀಟು ನೋಡಿದಾಗಲೇ ಅವಳ ಮನೆಯೆಂದು ಗುರುತು ಹತ್ತಿತು ಎಂದಳು. "ಬೆಡ್‌ಶೀಟ್ ಬಣ್ಣ ನಿನಗೆ ಹೇಗೆ ಗೊತ್ತಾಯ್ತು?" ಎಂದು ನಾನು ಕೇಳಿದೆ. ಬಿಂದಿಗೆ ತುಂಬಿ ಚೆಲ್ಲುತ್ತಿದ್ದರೂ ಯಾರೂ ನಲ್ಲಿ ನಿಲ್ಲಿಸಲಿಲ್ಲ. ನೋಡಿದವರೇ ಎಲ್ಲ. ನೋಡಿ, ಇನ್ನೊಬ್ಬರಿಗೆ ದಾಟಿಸಿ, ಆಮೇಲೆ ಛೀ ಎಂದವರು.

ಅವಳನ್ನು ಪೊಲೀಸ್ ಠಾಣೆಗೆ ಕರೆದುಕೊಂಡು ಹೋದೆ. ಬರುವುದಿಲ್ಲ ಎಂದು ಹಟ ಹಿಡಿದಿದ್ದಳು. ನಾನೇ, ತಪ್ಪು ಮಾಡಿದವಳು ನೀನಲ್ಲ, ತಲೆ ಎತ್ತಿ ನಡಿ ಎಂದು ಹೊರಡಿಸಿದೆ. ಇನ್ಸ್‌ಪೆಕ್ಟರ್ ಸಾಹೇಬರು ಮುಂದೆ ಕೂರಿಸಿದರು. ಎಲ್ಲ ಕೇಳಿಸಿಕೊಂಡು, ಬಾಕ್ಸ್ ತೆಗೆದು ನೋಡಬೇಕು, ಪಾಸ್‌ವರ್ಡ್ ಹೇಳಮ್ಮ ಎಂದರು. ಅವಳು ಸೆರಗಿನ ತುದಿ ತಿರುವತೊಡಗಿದಳು.

"ಹೇಳಮ್ಮ. ಗೊತ್ತಿಲ್ವಾ?"

"ಗೊತ್ತದರೀ."

"ಮತ್ತೆ ಹೇಳೋಕೇನು? ಇನ್ನೂ ಏನಾದ್ರೂ ಮುಚ್ಚಿಡ್ತಿದೀಯಾ?"

ಸುತ್ತ ನಾಲ್ಕಾರು ಪೇದೆಗಳು ನಿಂತು ನೋಡುತ್ತಿದ್ದರು. ಅವಳು ಕಣ್ಣು ಮುಚ್ಚಿ, ತಲೆಯ ಮೇಲೆ ಸೆರಗು ಎಳೆದುಕೊಂಡು, ಸಣ್ಣ ದನಿಯಲ್ಲಿ ಶುರುಮಾಡಿದಳು: "ಕರಿ ಕಂಬಳಿ ಮ್ಯಾಲ ಬಿಳಿಜ್ವಾಳದ ರಾಶಿ…"

ಒಬ್ಬ ಪೇದೆ ಗೊಳ್ಳೆಂದು ನಕ್ಕ. ಉಳಿದವರೂ ನಕ್ಕರು. ಗಂಡನ ಹೆಸರು ಹೇಳಲು ಅವಳಿಗಿದ್ದ ದಾರಿ ಅದೊಂದೇ ಎಂದು ಅಲ್ಲಿ ಯಾರಿಗೂ ತಿಳಿಯಲಿಲ್ಲ. ಅವಳು ಎರಡನೆಯ ಸಾಲಿಗೆ ಹೋಗದೆ ಸೆರಗನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡಳು. ಕೊನೆಗೆ ನಾನೇ ಹೇಳಿದೆ. ಗ್ಯಾಸಿನವನಿಗೆ ಎಷ್ಟೋ ಸಲ ಹೇಳಿದ್ದ ಹೆಸರು, ಅಲ್ಲಿ ಹೇಳುವಾಗ ನನ್ನ ನಾಲಿಗೆಯೇ ತೊದಲಿತು. ಆಮೇಲೆ ಆ ಹೆಸರನ್ನು ನಾನು ಎಂದೂ ಹೇಳಿಲ್ಲ.

ಸಾಹೇಬರು ಪೆನ್ನು ಕೆಳಗಿಟ್ಟರು. "ಗಂಡನ ಹೆಸ್ರು ಹೇಳೋಕೆ ಇಷ್ಟು ನಾಚಿಕೆ ಪಡೋಳಿಗೆ ಇಂಥ ಫೋಟೋ ತೆಗೆಯೋಕೆ ನಾಚಿಕೆ ಆಗ್ಲಿಲ್ವೇನಮ್ಮ?"

ನಾನು ಎದ್ದು ನಿಂತೆ. ಅವಳು ನನ್ನ ಸೀರೆ ಹಿಡಿದು ಕೂರಿಸಿದಳು. ಅವರು ಮುಂದಿನ ಪ್ರಶ್ನೆ ಕೇಳಿದರು: "ಗಂಡ ಕೇಳಿದ್ನಾ ಕಳಿಸು ಅಂತ?"

"ಇಲ್ರೀ ಸಾಹೇಬ್ರ. ಅವರೇನೂ ಕೇಳಿಲ್ಲ. ನಾನಾ ಕಳಿಸೀನಿ."

ಅವರು ಹಾಗೇ ಬರೆದುಕೊಂಡರು. ಹಿಂದಿರುಗುವಾಗ ಆಟೋದಲ್ಲಿ ನಾನು ಅವಳ ಮೇಲೆ ಹರಿಹಾಯ್ದೆ. ಸುಳ್ಳು ಯಾಕೆ ಹೇಳಿದೆ, ಕೇಳಿದ್ದು ಅವನಲ್ಲವಾ ಎಂದೆ. ಅವಳು ರಸ್ತೆ ನೋಡುತ್ತಾ ಹೇಳಿದಳು, "ನನ್ನ ಮಾನ ಹ್ಯಾಂಗೂ ಹೋಗ್ಯಾದರೀ ಅಕ್ಕಾರ. ಅವರದ್ಯಾಕ ಕಳೀಲಿ? ನಾಳಿ ಬಂದು ಇದೇ ಊರಾಗ ಗಾಡಿ ಓಡಿಸಬೇಕವರು."

ಮಹಡಿಯವನ ತಂದೆ ಊರಿಂದ ಬಂದು ಮಾಲೀಕರ ಕಾಲಿಗೆ ಬಿದ್ದರು, ಠಾಣೆಯಲ್ಲಿ ಕೈ ಮುಗಿದರು. ಪರೀಕ್ಷೆ ಹತ್ತಿರ ಬಂದಿದೆ ಎಂದರು. ಬುದ್ಧಿ ಹೇಳಿ ಕಳಿಸಿದೆವು ಎಂದು ಠಾಣೆಯವರು ತಿಳಿಸಿದರು. ಅವನು ಪರೀಕ್ಷೆ ಬರೆಯುವವರೆಗೂ ಅದೇ ಮಹಡಿಯಲ್ಲೇ ಇದ್ದ. ಮೆಟ್ಟಿಲು ಇಳಿಯುವಾಗ ಅವಳ ಬಾಗಿಲ ಕಡೆ ನೋಡುತ್ತಿರಲಿಲ್ಲ, ಅಷ್ಟೇ ಅವನಿಗಾದ ಶಿಕ್ಷೆ.

ಮಾಲೀಕರಿಂದ ಠಾಣೆಯ ಮಾತೂ ಸೇರಿ ಎಲ್ಲ ಸುದ್ದಿ ತಿಳಿದು ಗಂಡ ದುಬೈನಿಂದ ಬಂದ. ಅವನು ಬರುವ ದಿನ ಅವಳು ಮನೆ ಸಾರಿಸಿ, ಎಣ್ಣೆಗಾಯಿ ಮಾಡಿ, ಮಗಳಿಗೆ ಹೊಸ ಫ್ರಾಕು ತೊಡಿಸಿ ಕಾದಿದ್ದಳು. ಅವರು ಒಬ್ಬರು ಇದ್ದರೆ ಸಾಕು, ಲೋಕ ಏನಾದರೂ ಅನ್ನಲಿ ಎನ್ನುವ ಧೈರ್ಯ ಅವಳಿಗೆ. ನನಗೂ ಹಾಗೇ ಅನ್ನಿಸಿತ್ತು. ಅವನು ಬರುವಾಗ ತನ್ನ ಅಣ್ಣನನ್ನೂ ಊರಿನ ಒಬ್ಬ ಹಿರಿಯರನ್ನೂ ಕರೆದುಕೊಂಡೇ ಬಂದ. ಆ ಸಣ್ಣ ಕೋಣೆಯಲ್ಲಿ ಎಲ್ಲರೂ ಕೂತರು, ಮಾಲೀಕರು ಬಾಗಿಲಲ್ಲಿ ನಿಂತರು. ಅವಳು ಒಲೆಯ ಪಕ್ಕ ನಿಂತಿದ್ದಳು, ನಾನು ಅವಳ ಜೊತೆ.

ಹಿರಿಯರು ಕೇಳಿದರು: "ಯಾಕವ್ವ, ಯಾರು ಹೇಳಿದ್ರು ನಿನಗ ಇಂಥಾ ಕೆಲಸ ಮಾಡಂತ?"

ಅವಳು ಗಂಡನ ಮುಖ ನೋಡಿದಳು. ಅವನು ಹೇಳಲಿ ಎಂದು ಕಾಯುತ್ತಿದ್ದಳು. ನಾನೇ ಕೇಳಿದ್ದು, ನನ್ನ ಹೆಂಡತಿ ನನಗೆ ಕಳಿಸಿದಳು, ನಿಮಗೇನು ಎಂದು ಅವನೊಂದು ಮಾತು ಅಂದಿದ್ದರೆ ಎಲ್ಲ ಅಲ್ಲಿಗೆ ಮುಗಿಯುತ್ತಿತ್ತು. ಅವನು ನೆಲ ನೋಡುತ್ತಾ ಅಂದ, "ನಾ ಯಾಕ ಕೇಳಲಿ? ಪೊಲೀಸರ ಮುಂದ ಆಕೀನಾ ಹೇಳ್ಯಾಳಲ್ಲ, ನಾ ಕೇಳಿಲ್ಲಂತ."

ನನ್ನ ತಲೆ ಕೆಟ್ಟಿತು. "ಸುಳ್ಳು! ನಮ್ಮನೆ ಫೋನಲ್ಲೇ ಕೇಳಿದ್ರಿ ನೀವು" ಎಂದು ಕೂಗಿದೆ. ಅವನು ತಲೆ ಎತ್ತದೆಯೇ, "ನಾ ಕೇಳಿದ್ದ ನೀವು ಕೇಳಿಸ್ಕೊಂಡೀರೇನ್ರೀ?" ಎಂದ. ನಾನು ಕೇಳಿಸಿಕೊಂಡದ್ದು ಅವಳ ಮಾತು ಮಾತ್ರ. ಮಾಲೀಕರು, "ಬೇರೆಯವ್ರ ಸಂಸಾರದಲ್ಲಿ ನೀನ್ಯಾಕಮ್ಮ" ಎಂದರು. ಅವಳು ಎಣ್ಣೆಗಾಯಿಯ ಪಾತ್ರೆಗೆ ಮುಚ್ಚಳ ಮುಚ್ಚಿದಳು. ಅವನ ಮಾನ ಉಳಿಸಲು ತಾನೇ ಹೇಳಿದ ಸುಳ್ಳು ಅವಳ ಕೊರಳಿಗೆ ಬಿದ್ದಿತ್ತು. ಬಿಚ್ಚಬೇಕಾದವನೇ ಬಿಗಿದ.

ಮಗಳನ್ನು ಅವನ ತಾಯಿಯ ಹತ್ತಿರ, ಮಗು ಆಯಿ ಎನ್ನುವ ಅಜ್ಜಿಯ ಹತ್ತಿರ, ಊರಲ್ಲಿ ಬಿಡುವುದೆಂದು ತೀರ್ಮಾನವಾಯಿತು. ಹೆತ್ತವಳು ಅಲ್ಲಿಗೆ ಬರಕೂಡದು. ಮಾಲೀಕರು ಮನೆ ಖಾಲಿ ಮಾಡಿಸಿದರು. ಮಗು ಹೋಗುವಾಗ ಅವಳು ಬಾಗಿಲಿಗೆ ಬರಲಿಲ್ಲ, ಒಳಗೆ ಕೂತು ಬಾಯಿಗೆ ಸೆರಗು ತುರುಕಿಕೊಂಡಿದ್ದಳು. ನನಗೆ ಅವತ್ತು ಅವಳ ಗಂಡನ ಮೇಲೆ ಬಂದ ಅಸಹ್ಯ, ಮಹಡಿಯವನ ಮೇಲೂ ಬಂದಿರಲಿಲ್ಲ.

ಅವನು ದುಬೈಗೆ ಮರಳಿದ. ಜೋಗುಪಾಳ್ಯದಲ್ಲಿ ನನ್ನ ತವರಿನ ಹತ್ತಿರ ಅವಳಿಗೊಂದು ಕೋಣೆ ನೋಡಿಕೊಟ್ಟೆ. ಇಂದಿರಾನಗರದ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿತು. ಅಲ್ಲಿಯೂ ಯಾರಾದರೂ ಮೊಬೈಲು ಕೈಗೆತ್ತಿಕೊಂಡು ನಕ್ಕರೆ ಅವಳ ಕೈಯ ಲಟ್ಟಣಿಗೆ ನಿಲ್ಲುತ್ತಿತ್ತು. ಆ ಫೋಟೋಗಳು ಇನ್ನೂ ಎಲ್ಲಿವೆಯೋ ಯಾರ ಬಳಿ ಇವೆಯೋ ಯಾರಿಗೂ ಗೊತ್ತಿರಲಿಲ್ಲ. ದಾರಿಯಲ್ಲಿ ಎದುರು ಬರುವ ಪ್ರತಿ ಗಂಡಸೂ ನೋಡಿದವನೇ ಇರಬಹುದೆಂದು ಅವಳಿಗೆ ಅನ್ನಿಸುತ್ತಿತ್ತಂತೆ. ಮಗಳಿಗಾಗಿ ಊರಿಗೆ ಫೋನು ಮಾಡಿದರೆ ಅತ್ತೆ ಕೊಡುತ್ತಿರಲಿಲ್ಲ. ಅವಳು ಬೇಡಿದಳು, ಭಾವನಿಗೆ ಹೇಳಿಸಿದಳು, ನಾನೂ ಜಗಳ ಮಾಡಿದೆ. ಎರಡು ವರ್ಷ ಹೀಗೇ ಹೋದ ಮೇಲೆ, ದಸರಾ ರಜೆಯಲ್ಲಿ ಮಗುವನ್ನು ಕೆಲವು ದಿನ ಕಳಿಸುತ್ತೇವೆಂದು ಒಪ್ಪಿದರು.

ಕಂಟೋನ್ಮೆಂಟ್ ಸ್ಟೇಷನ್ನಿಗೆ ಇಬ್ಬರೂ ಹೋದೆವು. ದೊಡ್ಡಪ್ಪನ ಕೈ ಹಿಡಿದು ಮಗು ಇಳಿಯಿತು. ಉದ್ದವಾಗಿತ್ತು, ಮುಂದಿನ ಹಲ್ಲು ಬಿದ್ದಿದ್ದವು. ನನ್ನ ಜೊತೆ ಬೆಂಗಳೂರಿನ ಕನ್ನಡ ಆಡುತ್ತಿದ್ದ ಬಾಯಿಗೆ ಈಗ ಅಪ್ಪಟ ಯಾದಗಿರಿ ಮಾತು. ಅವಳು ಮಗಳನ್ನು ತಬ್ಬಿಕೊಂಡು ಬಿಡಲೇ ಇಲ್ಲ. ಮಗು ಮರದ ಹಾಗೆ ನಿಂತಿತ್ತು. ಹೊಸಬರನ್ನು ಕಂಡ ಸಂಕೋಚ ಎಂದುಕೊಂಡೆ. ದೊಡ್ಡಪ್ಪ ಅದೇ ರೈಲಿನಲ್ಲಿ ಮುಂದೆ ಹೋದ. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಹಸಿದಿರುತ್ತದೆ, ಬಿಸ್ಕತ್ತು ತರುತ್ತೇನೆ ಎಂದು ಅಂಗಡಿಯ ಕಡೆ ಓಡಿದಳು.

ನಾವಿಬ್ಬರೂ ಕಲ್ಲುಬೆಂಚಿನ ಮೇಲೆ ಕೂತೆವು. ಮಗು ನನ್ನ ಹತ್ತಿರ ಸರಿದು ಕೇಳಿತು.

"ದೊಡ್ಡಮ್ಮ, ನಮ್ಮವ್ವ ಯಾರ ಫೋಟೋ ಕದ್ದಾಳ?"

"ಯಾರು ಹೇಳಿದ್ರು ನಿಂಗೆ ಹಾಗಂತ?"

"ಯಾರೂ ಹೇಳಿಲ್ಲ. ಫೋಟೋ ಕಳುವಾಗ್ಯಾವ ಅಂತ ಆಯಿ ಮಾತಾಡತಿರ್ತಾಳ. ಅವ್ವನ್ನ ಮನಿ ಬಿಟ್ಟು ಕಳಿಸ್ಯಾರಲ್ಲ. ಮತ್ತ ಆಕೀನಾ ಕದ್ದಿರಬೇಕು."

ನಾನು ಅದರ ಕೈ ಹಿಡಿದುಕೊಂಡೆ. "ಇಲ್ಲ ಕಂದಾ. ನಿಮ್ಮವ್ವ ಏನೂ ಕದ್ದಿಲ್ಲ. ನಿಮ್ಮವ್ವನ ಫೋಟೋನೇ ಬೇರೆ ಯಾರೋ ಕದ್ರು."

ಆ ಏಳು ವರ್ಷದ ಮಗು ತಲೆ ಅಲ್ಲಾಡಿಸಿತು.

"ಸುಳ್ಳ ಹೇಳತೀರಿ. ಹಂಗಿದ್ರ ಕದ್ದವರನ್ನ ಮನಿ ಬಿಟ್ಟು ಕಳಿಸತಿದ್ರು."

ಅಷ್ಟರಲ್ಲಿ ಅವಳು ಬಿಸ್ಕತ್ತಿನ ಪೊಟ್ಟಣ ಹಿಡಿದು ಬಂದಳು. "ನಡಿಯವ್ವ, ಆಟೋದಾಗ ಹೋಗೂಣು" ಎಂದು ಬಗ್ಗಿ, ಮಗಳ ಬಟ್ಟೆಯ ಚೀಲ ಎತ್ತಿಕೊಳ್ಳಲು ಕೈ ಚಾಚಿದಳು. ಮಗು ಥಟ್ಟನೆ ಚೀಲವನ್ನು ಎಳೆದು ಎರಡೂ ಕೈಯಿಂದ ಎದೆಗವಚಿಕೊಂಡು ನನ್ನ ಹಿಂದೆ ಸರಿಯಿತು.

ಅವಳು ನಕ್ಕಳು. ಆ ಎರಡು ವರ್ಷದಲ್ಲಿ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

"ನೋಡ್ರಿ ಅಕ್ಕಾರ, ಎಷ್ಟು ಶಾಣ್ಯಾ ಆಗ್ಯಾಳ ನನ್ನ ಮಗಳು. ತನ್ನ ಚೀಲ ತಾನಾ ಹೊರತಾಳಂತ."